ಓದುಗರ ಪ್ರಶ್ನೆ: ಮನೆಯೊಳಗಿನ ಥಿಯೇಟರಿಗೆ ಯಾವ ಕೋಣೆ?

ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಹೋಂ ಥಿಯೇಟರ್ ಬಗ್ಗೆಯೇ ಇವೆ. ಹೆಚ್ಚಿನವರು ಕೇಳಿರುವುದು ಯಾವ ಕಂಪನಿಯ ಸ್ಪೀಕರ್ ತಗೊಳ್ಳಲಿ ಅಂತ. ನಾನು ಮೊದಲು ಕೋಣೆಯ ವಿಷಯ ಮಾತಾಡುತ್ತೇನೆ. ಅದಕ್ಕೆ ಕಾರಣ ಇದೆ.

ನಾನು ಈ ಕೆಲಸ ಕಲಿತದ್ದು ತಿಪಟೂರಿನ ಹತ್ತಿರ, ನಮ್ಮ ಸೋದರಮಾವನ ಮೈಕ್‌ಸೆಟ್ ಅಂಗಡಿಯಲ್ಲಿ. ಊರಾಚೆ ಬಯಲಿನಲ್ಲಿ ರಾತ್ರಿಯಿಡೀ ಕುರುಕ್ಷೇತ್ರ ನಾಟಕ ನಡೆಯುತ್ತಿತ್ತು. ಎರಡು ಹಾರ್ನ್ ಕಟ್ಟಿದರೆ ಸಾಕು. ಕಡೆಯ ಸಾಲಿನಲ್ಲಿ ಕಂಬಳಿ ಹೊದ್ದು ಕೂತ ಅಜ್ಜನಿಗೂ ದುರ್ಯೋಧನನ ಒಂದೊಂದು ಮಾತು ಬಿಡಿಬಿಡಿಯಾಗಿ ಕೇಳುತ್ತಿತ್ತು. ಮಾರನೇ ದಿನ ಅದೇ ಸೆಟ್ಟು ಕಲ್ಯಾಣ ಮಂಟಪಕ್ಕೆ ಹೋಗುತ್ತಿತ್ತು. ಅಲ್ಲಿ ಗಂಡಿನ ಕಡೆಯವರನ್ನು ಊಟಕ್ಕೆ ಕರೆದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಸದ್ದು ಬೇಕಾದಷ್ಟು, ಮಾತು ಮಾತ್ರ ಇಲ್ಲ. ಆಗ ಮಾವ ವಾಲ್ಯೂಮ್ ಇಳಿಸುತ್ತಿದ್ದರು. ಹಾರ್ನಿನ ಬಾಯಿಯನ್ನು ಎದುರು ಗೋಡೆಯಿಂದ ತಪ್ಪಿಸಿ ಜನರ ತಲೆಯ ಕಡೆಗೆ ಬಗ್ಗಿಸಿ ಕಟ್ಟುತ್ತಿದ್ದರು. ಸ್ವಲ್ಪ ಅರ್ಥವಾಗುತ್ತಿತ್ತು. ಹಾರ್ನ್ ಅದೇ, ಆಂಪ್ಲಿಫೈಯರ್ ಅದೇ. ಬದಲಾದದ್ದು ಜಾಗ ಒಂದೇ.

22 ವರ್ಷದಿಂದ ಮನೆಗಳಲ್ಲಿ ಥಿಯೇಟರ್ ಕೂರಿಸುತ್ತಿದ್ದೇನೆ. ಇವತ್ತಿಗೂ ಗಿರಾಕಿಯ ಮನೆಗೆ ಹೋದರೆ ನಾನು ಮೊದಲು ಮಾಡುವ ಕೆಲಸ ಕೋಣೆಯ ನಡುವೆ ನಿಂತು ಒಂದು ಚಪ್ಪಾಳೆ ತಟ್ಟುವುದು. ಇನ್ನು ಕಾಗದಗಳಿಗೆ ಬರೋಣ.

ದಾವಣಗೆರೆಯಿಂದ: 30×40 ಸೈಟಿನಲ್ಲಿ ಮನೆ ಕಟ್ಟಿಸುತ್ತಿದ್ದೇವೆ. ಗೋಡೆ ಎದ್ದಿದೆ, ಪ್ಲಾಸ್ಟರಿಂಗ್ ಇನ್ನೂ ಆಗಿಲ್ಲ. ಥಿಯೇಟರಿಗೆ ಮೂರು ಜಾಗ ಯೋಚಿಸಿದ್ದೇವೆ. ಕೆಳಗೆ ದೇವರಮನೆ ಪಕ್ಕದ 10×10 ಕೋಣೆ, ಮಹಡಿಯಲ್ಲಿ 11×16 ಕೋಣೆ, ಇಲ್ಲವಾದರೆ ತಾರಸಿ ಮೇಲೆ ಶೀಟು ಹಾಕಿಸಿ ದೊಡ್ಡ ಹಾಲ್. ಕೋಣೆಗಳ ಎತ್ತರ 10 ಅಡಿ. ಯಾವುದು ಸರಿ ಸರ್? ಈಗಲೇ ಏನೇನು ಮಾಡಿಸಿಡಬೇಕು?

ಪ್ಲಾಸ್ಟರಿಂಗ್‌ಗೆ ಮುಂಚೆ ಕೇಳಿದಿರಿ, ಅದೇ ದೊಡ್ಡ ಲಾಭ. 11×16 ಕೋಣೆ ಇಟ್ಟುಕೊಳ್ಳಿ. ಉಳಿದ ಎರಡು ಯಾಕೆ ಬೇಡ ಅಂತ ಹೇಳುತ್ತೇನೆ.

ಬಚ್ಚಲಲ್ಲಿ ಹಾಡಿದರೆ ಯಾವುದೋ ಒಂದು ಸ್ವರ ಮಾತ್ರ ಉಬ್ಬಿ ಕೇಳುತ್ತದೆ, ಅಲ್ವಾ? ಪ್ರತಿ ಕೋಣೆಗೂ ಅಂಥ ತನ್ನದೇ ಸ್ವರಗಳಿವೆ. ಎದುರುಬದುರು ಗೋಡೆಗಳ ನಡುವೆ ಸದ್ದಿನ ಅಲೆ ಸಿಕ್ಕಿಕೊಂಡು ಹುಟ್ಟುವ ಸ್ವರ ಅದು. ಲೆಕ್ಕ ಸುಲಭ. ಸದ್ದು ಒಂದು ಸೆಕೆಂಡಿಗೆ ಸುಮಾರು 1130 ಅಡಿ ಓಡುತ್ತದೆ. ಅದರ ಅರ್ಧ 565. ಇದನ್ನು ಗೋಡೆಯಿಂದ ಗೋಡೆಗೆ ಇರುವ ಅಡಿಯಿಂದ ಭಾಗಿಸಿ. 10 ಅಡಿಗೆ ಬರುವುದು 56 ಹರ್ಟ್ಸ್, ಅಂದರೆ ಸೆಕೆಂಡಿಗೆ 56 ಸಲ ಅದುರುವ ಸ್ವರ. ನಿಮ್ಮ ಕೆಳಗಿನ ಕೋಣೆಯ ಉದ್ದ 10, ಅಗಲ 10, ಎತ್ತರವೂ 10. ಮೂರೂ ಕಡೆಯಿಂದ ಅದೇ 56 ಹರ್ಟ್ಸ್ ಒಂದರ ಮೇಲೊಂದು ಕೂರುತ್ತದೆ. ಸಬ್‌ವೂಫರ್ ಅನ್ನುವ, ದಪ್ಪನೆಯ ಕಡಿಮೆ ಸ್ವರಗಳನ್ನು ನುಡಿಸುವ ಸ್ಪೀಕರ್ ಕೆಲಸ ಮಾಡುವುದು ಇದೇ ಸ್ವರದ ಸುತ್ತ. ಬಾಂಬು ಬಿದ್ದರೂ, ತಮಟೆ ಹೊಡೆದರೂ, ಲಾರಿ ಹೋದರೂ ಒಂದೇ ಥರ ಗುಂಯ್ ಅನ್ನುತ್ತದೆ. ಎಷ್ಟು ದುಡ್ಡಿನ ಸ್ಪೀಕರ್ ತಂದರೂ ಅದು ಹೋಗುವುದಿಲ್ಲ. ಮೇಲಿನ ಕೋಣೆಯಲ್ಲಿ ಇದೇ ಲೆಕ್ಕ 35, 51, 56 ಅಂತ ಬರುತ್ತದೆ. ಕೊನೆಯ ಎರಡು ಸ್ವಲ್ಪ ಹತ್ತಿರ ಇವೆ ನಿಜ. ಆದರೂ ಬಿಡಿಬಿಡಿಯಾಗಿವೆ, ಕೆಲಸ ನಡೆಯುತ್ತದೆ.

ತಾರಸಿ ಹಾಲ್ ನೋಡಲು ಚೆಂದ. ಮಳೆ ಬಂದರೆ ಶೀಟಿನ ಸದ್ದಿನಲ್ಲಿ ಮಾತು ಕೇಳುವುದಿಲ್ಲ. ಏಪ್ರಿಲ್‌ನಲ್ಲಿ ದಾವಣಗೆರೆಯ ಬಿಸಿಲಿಗೆ ಒಳಗೆ ಕೂರಲು ಆಗುವುದಿಲ್ಲ. ಸಬ್‌ವೂಫರ್ ಜೋರಾದಾಗ ಶೀಟು, ನಟ್ಟು ಎಲ್ಲ ತಾವೂ ಅದುರುತ್ತವೆ. ಅಲ್ಲಿ ಬಟ್ಟೆ ಒಣಗಿಸಿ, ಹಪ್ಪಳ ಹಾಕಿ.

ಇನ್ನು 11×16 ಒಳಗೆ. ಪರದೆ 11 ಅಡಿಯ ಗೋಡೆಗೆ ಬರಲಿ. 100 ಇಂಚಿನ ಪರದೆ ಅಂದರೆ 7 ಅಡಿ 3 ಇಂಚು ಅಗಲ, 4 ಅಡಿ ಚಿಲ್ಲರೆ ಎತ್ತರ. ಎರಡೂ ಪಕ್ಕದಲ್ಲಿ 22 ಇಂಚು ಉಳಿಯುತ್ತದೆ, ಎಡ ಬಲದ ಸ್ಪೀಕರಿಗೆ ಅದು ಸಾಕು. ಪರದೆಯ ಕೆಳ ಅಂಚು ನೆಲದಿಂದ ಎರಡೂವರೆ ಅಡಿ ಇರಲಿ. ಕೂತಾಗ ನಮ್ಮ ಕಣ್ಣು, ಕಿವಿ ಎರಡೂ ಸುಮಾರು ಮೂರೂವರೆ ಅಡಿಯಲ್ಲಿರುತ್ತವೆ. ಪರದೆ ಮೇಲೆ ಹೋದಷ್ಟೂ ಕತ್ತು ನೋಯುತ್ತದೆ. ಎಷ್ಟೋ ಮನೆಗಳಲ್ಲಿ ಟಿವಿಯನ್ನು ಕ್ಯಾಲೆಂಡರ್ ಎತ್ತರಕ್ಕೆ ನೇತುಹಾಕಿರುತ್ತಾರೆ. ನನಗೆ ಅದನ್ನು ನೋಡಿದರೆ ನಿಜವಾಗಿ ಸಂಕಟವಾಗುತ್ತದೆ.

ಸೋಫಾ ಪರದೆಯಿಂದ 10 ಅಡಿಗೆ ಬರಲಿ. ಹಿಂದೆ 6 ಅಡಿ ಖಾಲಿ ಬಿಡಿ. ಜಾಗ ಹಾಳಾಯಿತು ಅಂತ ಮನೆಯವರು ಹೇಳುತ್ತಾರೆ, ಹೇಳಲಿ. ಹಿಂದಿನ ಗೋಡೆಗೆ ತಲೆ ತಾಗಿಸಿ ಕೂತರೆ ಕಡಿಮೆ ಸ್ವರಗಳೆಲ್ಲ ಕಿವಿಗೆ ರಾಶಿ ಬೀಳುತ್ತವೆ. ಕೋಣೆಯ ಸರಿ ನಡುವೆ ಕೂತರೆ ಉದ್ದದಿಂದ ಹುಟ್ಟುವ ಆ 35 ಹರ್ಟ್ಸ್ ಅಲ್ಲಿ ಸತ್ತೇ ಹೋಗಿರುತ್ತದೆ. 10 ಅಡಿಯಲ್ಲಿ ಎರಡೂ ತೊಂದರೆ ಇಲ್ಲ, 100 ಇಂಚಿನ ಚಿತ್ರ ಕಣ್ಣಿಗೆ ತುಂಬುತ್ತದೆ. ಮಕ್ಕಳಿಗೆ ಅಷ್ಟು ದೊಡ್ಡದು ಬೇಡ ಅನ್ನಿಸಿದರೆ 90 ಇಂಚಿಗೆ ಇಳಿಸಿ.

ಸ್ಪೀಕರಿನ ಜಾಗ ಈಗಲೇ ಗುರುತು ಮಾಡಿ. ಸೋಫಾದ ನಡುವೆ ಕೂತು ಪರದೆಯ ನಡುವಿಗೆ ನೇರ ನೋಡಿ. ಎಡ ಬಲದ ಸ್ಪೀಕರ್ ಆ ಗೆರೆಯಿಂದ 22ರಿಂದ 30 ಡಿಗ್ರಿ ಒಳಗೆ ಬರಬೇಕು. ಸುತ್ತಲಿನ ಸದ್ದಿಗೆ ಇರುವ ಸರೌಂಡ್ ಸ್ಪೀಕರ್ ಎರಡು 110 ಡಿಗ್ರಿ ಹತ್ತಿರ, ಅಂದರೆ ಕಿವಿಯ ಪಕ್ಕದಿಂದ ತುಸು ಹಿಂದಕ್ಕೆ. ಇವಕ್ಕೆಲ್ಲ 2.5 ಸ್ಕ್ವೇರ್ ಎಂಎಂ ತಾಮ್ರದ ವೈರ್ ಹೋಗುವ ಹಾಗೆ ಪೈಪ್ ಕೂರಿಸಿ. ಸಬ್‌ವೂಫರಿಗೆ ಒಂದರ ಬದಲು ಎರಡು ಕಡೆ ಪಾಯಿಂಟ್ ಕೊಡಿ, ಅದರ ಜಾಗ ಯಾವುದು ಅಂತ ಆಮೇಲೆ ಕಿವಿಯೇ ಹೇಳುತ್ತದೆ. ಈಗ ಬೇಡ ಅನ್ನಿಸಿದರೂ, ಮುಂದೆ ಛಾವಣಿಯಲ್ಲಿ ಸ್ಪೀಕರ್ ಹಾಕಿಸಲು ಅಲ್ಲಿಗೆ ನಾಲ್ಕು ಪೈಪ್ ಎಳೆಸಿಡಿ.

ಪ್ರೊಜೆಕ್ಟರಿಗೆ ಹೋಗುವ ಎಚ್‌ಡಿಎಂಐ ಪೈಪ್ ಮಾತ್ರ ಒಂದೂವರೆ ಇಂಚಿನದಾಗಿರಲಿ. ಸಾಮಾನ್ಯ ವೈರಿಂಗ್ ಪೈಪಿನಲ್ಲಿ ಅದರ ಪ್ಲಗ್ ತೂರುವುದಿಲ್ಲ, ಬೆಂಡ್ ಹತ್ತಿರ ಸಿಕ್ಕಿಕೊಳ್ಳುತ್ತದೆ. ಒಳಗೆ ಒಂದು ನೈಲಾನ್ ದಾರ ಬಿಟ್ಟಿರಿ. ಐದು ವರ್ಷಕ್ಕೆ ಕೇಬಲ್ ಬದಲಾಗುತ್ತದೆ, ಆಗ ಆ ದಾರ ನಿಮ್ಮ ಗೋಡೆಯನ್ನು ಉಳಿಸುತ್ತದೆ. ಕರೆಂಟ್ ವೈರ್ ಜೊತೆ ಇವು ಒಂದೇ ಪೈಪಿನಲ್ಲಿ ಹೋಗಬಾರದು, ಒಂದು ಅಡಿ ದೂರ ಇರಲಿ. ಪೈಪ್ ಕೂತ ಮೇಲೆ ಗೋಡೆಗೆ ಟೇಪ್ ಹಿಡಿದು ಎಲ್ಲದರ ಫೋಟೋ ತೆಗೆದಿಡಿ. ಮೇಸ್ತ್ರಿಗೆ ಪ್ಲಾಸ್ಟರ್ ಆದ ಮೇಲೆ ನೆನಪಿರುವುದಿಲ್ಲ. ನಾನು ಒಂದು ಮನೆಯಲ್ಲಿ ಹೀಗೆ ಮಾಡದೆ, ಸದ್ದು ಹೀರುವ ಪ್ಯಾನೆಲ್ ನೇತುಹಾಕುವಾಗ ಡ್ರಿಲ್‌ನಿಂದ ವೈರ್ ಕತ್ತರಿಸಿದ್ದೇನೆ. ಆ ಮನೆಯವರು ಆಗ ತಾನೇ ಬಣ್ಣ ಹೊಡೆಸಿದ್ದರು. ಗೋಡೆ ಒಡೆದದ್ದು ಇವತ್ತಿಗೂ ನನಗೆ ನೋವು.

ಪಕ್ಕದ ಸೈಟಿನ ಕಡೆಯ ಗೋಡೆ 9 ಇಂಚಿನದಾದರೆ ಒಳ್ಳೆಯದು. 4 ಇಂಚಿನ ಗೋಡೆ ಸದ್ದನ್ನು ಅಷ್ಟು ತಡೆಯುವುದಿಲ್ಲ. ಬಾಗಿಲು ಗಟ್ಟಿ ಫ್ಲಶ್ ಡೋರ್ ಇರಲಿ, ಒಳಗೆ ಟೊಳ್ಳಿರುವುದು ಬೇಡ. ಪಶ್ಚಿಮದ ಕಿಟಕಿ ಇದ್ದರೆ ಸಂಜೆ ಬಿಸಿಲು ಪರದೆ ಮೇಲೆ ಬೀಳದ ಹಾಗೆ ನೋಡಿ. ಎಸಿ ಸೋಫಾದ ತಲೆ ಮೇಲೆ ಬೇಡ, ಅದರ ಸುಯ್ ಸದ್ದು ಮೆಲ್ಲಗಿನ ದೃಶ್ಯವನ್ನು ತಿಂದುಹಾಕುತ್ತದೆ. ಪರದೆಯ ಸುತ್ತಲಿನ ಗೋಡೆ, ಅದರ ಮುಂದಿನ ನಾಲ್ಕು ಅಡಿ ಛಾವಣಿ, ಇವಕ್ಕೆ ಹೊಳಪಿಲ್ಲದ ಕಡು ಬೂದು ಬಣ್ಣ ಹೊಡೆಸಿ. ಬಿಳಿ ಛಾವಣಿ ಪರದೆಯ ಬೆಳಕನ್ನು ಪರದೆಗೇ ವಾಪಸ್ ಎಸೆಯುತ್ತದೆ, ಚಿತ್ರದಲ್ಲಿನ ಕಪ್ಪು, ಕಪ್ಪಾಗಿ ಕಾಣುವುದಿಲ್ಲ.

ಮೈಸೂರಿನಿಂದ: ನನಗೆ 71 ವರ್ಷ. ಮಗ ಪ್ರೀತಿಯಿಂದ ಹಾಲ್‌ನಲ್ಲಿ 5.1 ಸೆಟ್ಟು ಹಾಕಿಸಿಕೊಟ್ಟಿದ್ದಾನೆ. ಹಾಡು, ಹೊಡೆದಾಟ ಎಲ್ಲ ಜೋರು. ಮಾತು ಮಾತ್ರ ಗೊಜಗೊಜ. ಇಡೀ ಸಿನಿಮಾ ರಿಮೋಟ್ ಹಿಡಿದುಕೊಂಡೇ ಕೂತಿರುತ್ತೇನೆ. ಹಾಲ್ ದೊಡ್ಡದು, ಗ್ರಾನೈಟ್ ನೆಲ, ಒಂದು ಪಕ್ಕ ಪೂರ್ತಿ ಗಾಜು. ಮಗನಿಗೆ ಹೇಳಿದರೆ ಬೇಜಾರು ಮಾಡಿಕೊಳ್ಳುತ್ತಾನೆ. ಏನು ಮಾಡಲಿ?

ಅಮ್ಮಾ, ಮಗ ತಂದುಕೊಟ್ಟ ಸೆಟ್ಟಿನಲ್ಲಿ ಬಹುಶಃ ಏನೂ ದೋಷವಿಲ್ಲ. ನಿಮ್ಮ ಹಾಲ್ ಒಂದು ಪುಟ್ಟ ಕಲ್ಯಾಣ ಮಂಟಪ ಆಗಿದೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟಿ ನೋಡಿ. ಚಪ್ಪಾಳೆಯ ಹಿಂದೆಯೇ ಟ್ರ್‌ರ್ ಅಂತ ಬಾಲ ಎಳೆದ ಹಾಗೆ ಕೇಳಿದರೆ ನಾನು ಹೇಳಿದ್ದು ಸರಿ.

ಮಾತಿನ ಬಲ ಇರುವುದು ಅ, ಆ, ಓ ಅನ್ನುವ ಸ್ವರಗಳಲ್ಲಿ. ಅರ್ಥ ಇರುವುದು ತ, ಸ, ಕ, ಚ ಅನ್ನುವ ವ್ಯಂಜನಗಳಲ್ಲಿ. ಇವು ತುಂಬಾ ಮೆಲ್ಲಗಿನ, ಚೂಪಾದ ಸದ್ದುಗಳು. ಗ್ರಾನೈಟ್, ಗಾಜು ಎರಡೂ ಸದ್ದನ್ನು ಹೀರುವುದಿಲ್ಲ. ಮೊದಲ ಅಕ್ಷರದ ಸದ್ದು ಗೋಡೆಗೆ ಬಡಿದು ವಾಪಸ್ ಬರುವ ಹೊತ್ತಿಗೆ ಮುಂದಿನ ಅಕ್ಷರ ಶುರುವಾಗಿರುತ್ತದೆ. ಎರಡೂ ಕಲಸಿಹೋಗುತ್ತವೆ. ವಾಲ್ಯೂಮ್ ಜಾಸ್ತಿ ಮಾಡಿದರೆ ಕಲಸಿದ್ದೂ ಜಾಸ್ತಿಯಾಗುತ್ತದೆ ಅಷ್ಟೇ.

ಮೊದಲು ನೆಲ. ಸೋಫಾ ಮತ್ತು ಟಿವಿ ನಡುವಿನ ಜಾಗಕ್ಕೆ ದಪ್ಪ ಹಾಸು ಬೇಕು. ಪೇಟೆಯ ಕಾರ್ಪೆಟ್ಟೇ ಆಗಬೇಕೆಂದಿಲ್ಲ. ನಾನು ಎಷ್ಟೋ ಮನೆಗಳಲ್ಲಿ ಕೆಳಗೆ ಚಳ್ಳಕೆರೆಯ ಉಣ್ಣೆ ಕಂಬಳಿ ಎರಡು ಪದರ ಹಾಸಿಸಿ, ಮೇಲೆ ನವಲಗುಂದದ ಜಮಖಾನ ಹಾಸಿಸಿದ್ದೇನೆ. ಕಂಬಳಿ ಸದ್ದು ಕುಡಿಯುತ್ತದೆ, ಜಮಖಾನ ನೋಡಲು ಚೆಂದ. ಕಾಲು ತೊಡರದ ಹಾಗೆ ಅಂಚಿನ ಕೆಳಗೆ ಜಾರದ ರಬ್ಬರ್ ಜಾಲರಿ ಹಾಕಿಸಿ, ಇದು ನಿಮ್ಮ ವಯಸ್ಸಿಗೆ ತುಂಬಾ ಮುಖ್ಯ.

ಆಮೇಲೆ ಗಾಜು. ತೆಳು ನೆಟ್ ಕರ್ಟನ್ ಸಾಲದು. ದಪ್ಪ ಬಟ್ಟೆ ತಗೊಳ್ಳಿ. ಕಿಟಕಿ 10 ಅಡಿ ಅಗಲ ಇದ್ದರೆ 20 ಅಡಿ ಬಟ್ಟೆ ಹೊಲಿಸಿ. ಮಡಿಕೆ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಎದುರಿನ ಬೋಳು ಗೋಡೆಗೆ ಪುಸ್ತಕದ ಕಪಾಟು ಬಂದರೆ ಇನ್ನೂ ಒಳ್ಳೆಯದು.

ಇನ್ನು ಸ್ಪೀಕರ್. 5.1 ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್. ಅದರಲ್ಲಿ ಮುಂದೆ ನಡುವಿನ ಒಂದು ಸ್ಪೀಕರಿಗೆ ಸೆಂಟರ್ ಅನ್ನುತ್ತಾರೆ. ಸಿನಿಮಾದ ಮಾತು ಹೆಚ್ಚಾಗಿ ಅದರಿಂದಲೇ ಬರುತ್ತದೆ. ಬಹಳ ಮನೆಗಳಲ್ಲಿ ಅದನ್ನು ಟಿವಿ ಯೂನಿಟ್ಟಿನ ಗೂಡಿನೊಳಗೆ ತಳ್ಳಿ, ಮುಂದೆ ಸೆಟ್‌ಟಾಪ್ ಬಾಕ್ಸ್ ಇಟ್ಟಿರುತ್ತಾರೆ. ಗೂಡಿನೊಳಗೆ ಮಾತಾಡಿದರೆ ಹೇಗಿರುತ್ತದೆ ಹೇಳಿ. ಅದನ್ನು ಗೂಡಿನ ಅಂಚಿಗೆ ಎಳೆದು, ಮುಂಭಾಗದ ಕೆಳಗೆ ಎರಡು ರಬ್ಬರ್ ತುಂಡು ಕೊಟ್ಟು ಮುಖ ನಿಮ್ಮ ಕಿವಿಯ ಕಡೆ ಎತ್ತಿಸಿ. ಆಮೇಲೆ ಸ್ಪೀಕರುಗಳಿಗೆ ಸದ್ದು ಹಂಚುವ ಪೆಟ್ಟಿಗೆ, ಅಂದರೆ ರಿಸೀವರಿನ ಸೆಟ್ಟಿಂಗಿನಲ್ಲಿ ಸೆಂಟರ್ ಲೆವೆಲ್ ಅಂತ ಇರುತ್ತದೆ. ಅದೊಂದನ್ನೇ 3 ಡೆಸಿಬಲ್ ಏರಿಸಲು ಮಗನಿಗೆ ಹೇಳಿ. ನೈಟ್ ಮೋಡ್ ಇದ್ದರೆ ಅದನ್ನೂ ಹಾಕಿಸಿ. ಜೋರಾದದ್ದನ್ನು ಅದು ತಗ್ಗಿಸುತ್ತದೆ, ಮೆಲ್ಲಗಿನದನ್ನು ಎತ್ತುತ್ತದೆ. ರಿಮೋಟ್ ಕೆಳಗಿಡಬಹುದು.

ಇನ್ನೊಂದು ಮಾತು, ತಪ್ಪು ತಿಳಿಯಬೇಡಿ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದು ಆ ಚೂಪಾದ ಸದ್ದುಗಳನ್ನೇ. ಒಮ್ಮೆ ಕಿವಿ ಪರೀಕ್ಷೆ ಮಾಡಿಸಿ. ನಿಮ್ಮೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1960ರ ದಶಕದಿಂದ ಇದೇ ಕೆಲಸ ಮಾಡುತ್ತಿರುವ ಜಾಗ. ನನ್ನ ತಾಯಿಯನ್ನು ಅಲ್ಲಿಗೆ ಕರೆದುಕೊಂಡು ಹೋಗಲು ನಾನು ಎರಡು ವರ್ಷ ತಡಮಾಡಿದೆ. ಆ ಎರಡು ವರ್ಷ ಅವರು ಸಿನಿಮಾ ನೋಡುವುದನ್ನೇ ಬಿಟ್ಟಿದ್ದರು, ನಾವು ಆಸಕ್ತಿ ಹೋಯಿತೇನೋ ಅಂದುಕೊಂಡಿದ್ದೆವು.

ಬೆಂಗಳೂರಿನಿಂದ: ಬಾಡಿಗೆ ಫ್ಲಾಟ್, ಆರನೇ ಮಹಡಿ. ಕೆಳಗಿನ ಮನೆಯವರು ಎರಡು ಸಲ ಬಂದು ಗಲಾಟೆ ಮಾಡಿ ಹೋದರು. ಒಂದು ಬೆಡ್‌ರೂಮಿಗೆ ಮೊಟ್ಟೆ ಟ್ರೇ ಅಥವಾ ಫೋಮ್ ಅಂಟಿಸಿ ಸೌಂಡ್‌ಪ್ರೂಫ್ ಮಾಡಬಹುದಾ?

ಆಗುವುದಿಲ್ಲ. ಮೊಟ್ಟೆ ಟ್ರೇ, ಥರ್ಮಾಕೋಲ್, ಫೋಮ್ ಯಾವುದೂ ಸದ್ದನ್ನು ಆಚೆ ಹೋಗದಂತೆ ತಡೆಯುವುದಿಲ್ಲ. ಫೋಮ್ ಒಳಗಿನ ಚೂಪು ಸದ್ದಿನ ಪ್ರತಿಧ್ವನಿಯನ್ನು ಕುಡಿಯುತ್ತದೆ, ಅಷ್ಟೇ. ಆಚೆಗೆ ತಡೆಯಲು ಬೇಕಾದದ್ದು ಎರಡೇ. ಭಾರ, ಮತ್ತು ಗಾಳಿಯಾಡದ ಹಾಗೆ ಮುಚ್ಚುವುದು. ನೀರು ಸೋರುವ ಕಡೆಯೆಲ್ಲ ಸದ್ದೂ ಸೋರುತ್ತದೆ ಅಂತ ಇಟ್ಟುಕೊಳ್ಳಿ. ಮಾಮೂಲಿ ಫೋಮ್‌ಗೆ ಕಿಡಿ ತಾಗಿದರೆ ಕೆಲವೇ ಕ್ಷಣದಲ್ಲಿ ಉರಿಯುತ್ತದೆ, ಹೊಗೆಯೂ ವಿಷ. ಬೆಡ್‌ರೂಮಿನ ಗೋಡೆಗೆ ಅದನ್ನು ಅಂಟಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಕೆಳಗಿನವರಿಗೆ ಹೋಗುತ್ತಿರುವುದು ಸಬ್‌ವೂಫರಿನ ಸದ್ದು. ಅದು ನೆಲದ ಸ್ಲ್ಯಾಬ್ ಹಿಡಿದುಕೊಂಡು ಇಳಿಯುತ್ತದೆ. ಬಾಡಿಗೆ ಮನೆಯಲ್ಲಿ ಅದನ್ನು ಪೂರ್ತಿ ತಡೆಯುವ ದಾರಿ ಇಲ್ಲ, ಕಡಿಮೆ ಮಾಡಬಹುದು. ಸಬ್‌ವೂಫರಿನ ಕೆಳಗೆ ದಪ್ಪ ರಬ್ಬರ್ ಹಾಳೆ ಕೊಡಿ. ಮೂಲೆಯಿಂದ ಈಚೆಗೆ ತನ್ನಿ, ಮೂಲೆಯಲ್ಲಿ ಅದರ ಸದ್ದು ತಾನಾಗಿ ಹೆಚ್ಚುತ್ತದೆ. ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ ಹಾಕಿ.

ನಾನು ಗಿರಾಕಿಗಳಿಗೆ ಹೇಳುವ ಒಂದು ಉಪಾಯ ಇದೆ. ಒಂದು ಭಾನುವಾರ ಮಧ್ಯಾಹ್ನ ನಿಮ್ಮ ಮನೆಯಲ್ಲಿ ಸಿನಿಮಾ ಓಡಲಿ. ನೀವು ಕೆಳಗಿನ ಮನೆಗೆ ಹೋಗಿ ಅವರ ಸೋಫಾದಲ್ಲಿ ಐದು ನಿಮಿಷ ಕೂತು ಕೇಳಿ. ಫೋನಿನಲ್ಲಿ ನಿಮ್ಮವರಿಗೆ ಹೇಳಿ ಸಬ್‌ವೂಫರ್ ಇಳಿಸುತ್ತಾ ಬನ್ನಿ. ಅವರು ಸಾಕು ಅಂದ ಜಾಗಕ್ಕೆ ಗುರುತು ಹಾಕಿ. ನಾನು ನೋಡಿದ ಮೂರು ಮನೆಗಳಲ್ಲಿ ಇದಾದ ಮೇಲೆ ಗಲಾಟೆ ನಿಂತಿದೆ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಜನವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಮಿತಿ 45 ಡೆಸಿಬಲ್. ಹಾಗಾಗಿ 10 ಹೊಡೆದ ಮೇಲೆ ಸಬ್‌ವೂಫರ್ ಆಫ್, ಹೆಡ್‌ಫೋನ್ ಆನ್.

ಸಾಗರದಿಂದ: ಹಳೇ ಮನೆ. ಉಪ್ಪರಿಗೆಯಲ್ಲಿ ಉದ್ದದ ಕೋಣೆ ಖಾಲಿ ಇದೆ. ಮರದ ಮುಚ್ಚಿಗೆ, ಮೇಲೆ ಮಂಗಳೂರು ಹೆಂಚು. ಎಲ್ಲರೂ ಇಲ್ಲಿ ಥಿಯೇಟರ್ ಬೇಡ, ಹೊಸ ಕೋಣೆ ಕಟ್ಟಿಸಿ ಅನ್ನುತ್ತಾರೆ.

ಬೇಡ, ಕಟ್ಟಿಸಬೇಡಿ. ನಿಮ್ಮ ಉಪ್ಪರಿಗೆಯಂಥ ಕೋಣೆ ಸಿಕ್ಕಿದರೆ ನಾನು ಖುಷಿಯಿಂದ ಕೆಲಸ ಮಾಡುತ್ತೇನೆ. ಕಾಂಕ್ರೀಟ್ ಕೋಣೆಯಲ್ಲಿ ಕಡಿಮೆ ಸ್ವರ ಆಚೆ ಹೋಗಲು ದಾರಿಯಿಲ್ಲದೆ ಒಳಗೇ ಸುತ್ತುತ್ತದೆ. ನಿಮ್ಮ ಮುಚ್ಚಿಗೆಯ ಹಲಗೆ, ನೆಲದ ಹಲಗೆ ಎರಡೂ ಅದಕ್ಕೆ ತಕ್ಕಂತೆ ಸ್ವಲ್ಪ ಅದುರಿ ಆ ಬಲವನ್ನು ತಿನ್ನುತ್ತವೆ. ಪೇಟೆಯಲ್ಲಿ ಜನ ಸಾವಿರಾರು ರೂಪಾಯಿ ಕೊಟ್ಟು ಮಾಡಿಸಿಕೊಳ್ಳುವುದನ್ನು ನಿಮ್ಮ ಅಜ್ಜ ಕಟ್ಟಿಸಿಟ್ಟಿದ್ದಾರೆ. ಸಡಿಲ ಹಲಗೆ ಇದ್ದರೆ ಮಾತ್ರ ಬಿಗಿ ಮಾಡಿಸಿ, ಇಲ್ಲದಿದ್ದರೆ ಗರಗರ ಅನ್ನುತ್ತದೆ.

ಮಳೆಗಾಲದ ನಾಲ್ಕು ತಿಂಗಳು ಹೆಂಚಿನ ಸದ್ದು ಇದ್ದೇ ಇರುತ್ತದೆ. ಜೋರು ಮಳೆಯ ದಿನ ಸಿನಿಮಾ ಬೇಡ, ಮಳೆಯನ್ನೇ ಕೇಳಿ. ನಿಜವಾದ ಅಪಾಯ ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಮುಂಚೆ ಪ್ಲಗ್ ಕೀಳಲೇಬೇಕು. ಸ್ವಿಚ್ ಆರಿಸಿದರೆ ಸಾಲದು. ಡಿಶ್ ಕೇಬಲ್, ಇಂಟರ್ನೆಟ್ ಕೇಬಲ್ ಕೂಡ ಬಿಚ್ಚಿ. ಸಿಡಿಲಿನ ಪೆಟ್ಟು ಅವುಗಳಲ್ಲೂ ಬರುತ್ತದೆ. ಹೋದ ವರ್ಷ ತೀರ್ಥಹಳ್ಳಿ ಕಡೆಯ ಒಂದು ಮನೆಯಲ್ಲಿ ಕರೆಂಟ್ ಪ್ಲಗ್ ಕಿತ್ತಿದ್ದರು, ಡಿಶ್ ಕೇಬಲ್ ಮರೆತಿದ್ದರು. ಟಿವಿ, ರಿಸೀವರ್ ಎರಡೂ ಹೋದವು. ಅರ್ಥಿಂಗ್ ಗುಂಡಿ ಸರಿ ಇದೆಯಾ ಅಂತ ಒಮ್ಮೆ ಪರೀಕ್ಷೆ ಮಾಡಿಸಿ. ಪ್ರೊಜೆಕ್ಟರ್ ಇದ್ದರೆ ಮಳೆಗಾಲದಲ್ಲಿ ವಾರಕ್ಕೆರಡು ಸಲ ಅರ್ಧ ಗಂಟೆ ಓಡಿಸಿ. ಸುಮ್ನೆ ಮುಚ್ಚಿಟ್ಟರೆ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ.

ಹುಬ್ಬಳ್ಳಿಯಿಂದ: ವಾಸ್ತು ಪ್ರಕಾರ ಥಿಯೇಟರ್ ಯಾವ ದಿಕ್ಕಿಗೆ ಇರಬೇಕ್ರೀ?

ದಿಕ್ಕಿನ ವಿಷಯ ನಿಮ್ಮ ಮನೆಯ ಹಿರಿಯರನ್ನು ಕೇಳಿ, ಅವರ ಮಾತು ನಡೆಯಲಿ. ನಾನು ಹೇಳುವುದು ಇಷ್ಟೇ. ಪಶ್ಚಿಮಕ್ಕೆ ದೊಡ್ಡ ಕಿಟಕಿ ಇರುವ ಕೋಣೆ ಸಂಜೆ ಬಿಸಿಯಾಗುತ್ತದೆ, ಬೆಳಕೂ ಬರುತ್ತದೆ. ರಸ್ತೆ ಕಡೆಯ ಕೋಣೆಗೆ ಗಾಡಿಗಳ ಹಾರ್ನ್ ಬರುತ್ತದೆ. ಗೋಡೆಯೊಳಗೆ ಮೇಲಿನ ಬಚ್ಚಲಿನ ಪೈಪ್ ಇಳಿದಿದ್ದರೆ ಆ ಕೋಣೆ ಬೇಡವೇ ಬೇಡ.

ಕಲಬುರಗಿಯಿಂದ: ಅಂಗಡಿಯವರು ಅಟ್ಮಾಸ್ ಇಲ್ಲದಿದ್ದರೆ ಥಿಯೇಟರೇ ಅಲ್ಲ ಅನ್ನುತ್ತಾರೆ. ಕೋಣೆಗೆ ಪೂರ್ತಿ ಅಕೌಸ್ಟಿಕ್ ಪ್ಯಾನೆಲ್ ಹಾಕಿಸಬೇಕಂತೆ. ನಮ್ಮ ಕೋಣೆ 12×14. ದುಡ್ಡು ಅಷ್ಟಿಲ್ಲ. ಸಬ್‌ವೂಫರ್ ಎಲ್ಲಿಡಬೇಕು ಅಂತಲೂ ಹೇಳಿ.

ಎರಡೂ ಅವಸರದ ಮಾತು. ಡಾಲ್ಬಿ ಅಟ್ಮಾಸ್, ಅಂದರೆ ತಲೆಯ ಮೇಲಿನಿಂದಲೂ ಸದ್ದು ಬರುವ ಏರ್ಪಾಡು, 2012ರಲ್ಲಿ ಸಿನಿಮಾ ಮಂದಿರಗಳಿಗೆ ಬಂತು. ಚೆನ್ನಾಗಿರುತ್ತದೆ, ನನಗೂ ಇಷ್ಟ. ಆದರೆ ಸರಿಯಾಗಿ ಕೂರಿಸಿದ 5.1, ಛಾವಣಿಯಲ್ಲೂ ನಾಲ್ಕು ಸ್ಪೀಕರ್ ಇಟ್ಟು ಹೇಗೋ ಕೂರಿಸಿದ 7.1.4ಗಿಂತ ಎಷ್ಟೋ ಮೇಲು. ಮೊದಲು ಮುಂದಿನ ಮೂರು ಸ್ಪೀಕರ್, ಒಂದು ಒಳ್ಳೆಯ ಸಬ್‌ವೂಫರ್. ಛಾವಣಿಯವು ಎರಡು ವರ್ಷ ಕಾಯಲಿ.

ಪ್ಯಾನೆಲ್ ವಿಷಯದಲ್ಲಿ ನನ್ನ ಅನುಭವ ಹೇಳುತ್ತೇನೆ. 15 ವರ್ಷದ ಹಿಂದೆ ಒಂದು ಮನೆಯಲ್ಲಿ ನಾಲ್ಕೂ ಗೋಡೆಗೆ, ಛಾವಣಿಗೆ ಒಂದು ಇಂಚು ಬಿಡದೆ ಹಾಕಿಸಿದೆ. ಕೆಲಸ ಮುಗಿದ ದಿನ ಆ ಮನೆಯ ಯಜಮಾನಿ ಒಳಗೆ ಬಂದು ಹತ್ತು ನಿಮಿಷ ಕೂತರು. ಕಿವಿಗೆ ಹತ್ತಿ ತುರುಕಿದ ಹಾಗಿದೆ, ನನ್ನ ಮಾತೇ ನನಗೆ ಕೇಳುತ್ತಿಲ್ಲ ಅಂದರು. ಅವರು ಹೇಳಿದ್ದು ಸರಿ ಇತ್ತು. ಕೋಣೆಯ ಜೀವವನ್ನೇ ತೆಗೆದುಬಿಟ್ಟಿದ್ದೆ. ತೆಳು ಫೋಮ್ ಚೂಪು ಸದ್ದನ್ನೆಲ್ಲ ಕುಡಿದಿತ್ತು, ಗುಂಯ್ ಅನ್ನುವುದು ಮಾತ್ರ ಹಾಗೇ ಉಳಿದಿತ್ತು. 100 ಹರ್ಟ್ಸ್ ಅಲೆಯ ಉದ್ದ 11 ಅಡಿಗೂ ಜಾಸ್ತಿ. ಒಂದು ಇಂಚಿನ ಫೋಮ್ ಅದಕ್ಕೆ ಏನು ಮಾಡೀತು? ನನ್ನ ಖರ್ಚಿನಲ್ಲೇ ಅರ್ಧ ಕೀಳಿಸಿದೆ.

ಹಾಗಾಗಿ ಎಲ್ಲಿ ಬೇಕೋ ಅಲ್ಲಿ ಮಾತ್ರ ಹಾಕಿ. ಅದನ್ನು ಹುಡುಕಲು ಒಂದು ಕನ್ನಡಿ ಸಾಕು. ನೀವು ಸೋಫಾದಲ್ಲಿ ಕೂರಿ. ಮಗ ಅಥವಾ ಮಗಳು ಪಕ್ಕದ ಗೋಡೆಗೆ ಕನ್ನಡಿ ಒತ್ತಿ ಹಿಡಿದು ಮೆಲ್ಲಗೆ ಸರಿಸಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಆ ಗೋಡೆಯಿಂದ ಸದ್ದು ನೇರ ನಿಮ್ಮ ಕಿವಿಗೆ ಚಿಮ್ಮುವ ಜಾಗ ಅದೇ. ಎರಡೂ ಪಕ್ಕ ಹೀಗೆ ಮಾಡಿ. ಆ ಗುರುತುಗಳಿಗೆ, ಮತ್ತು ಹಿಂದಿನ ಗೋಡೆಗೆ ಎರಡು ಪ್ಯಾನೆಲ್ ಸಾಕು.

ಪ್ಯಾನೆಲ್ ಬಡಗಿಯಿಂದಲೇ ಮಾಡಿಸಬಹುದು. 4×2 ಅಡಿಯ ಮರದ ಚೌಕಟ್ಟು, ಒಳಗೆ ಕಲ್ಲಿನ ಎಳೆಯಿಂದ ಮಾಡಿದ, 48 ಡೆನ್ಸಿಟಿಯ (ಘನ ಮೀಟರಿಗೆ 48 ಕೆಜಿ) ರಾಕ್‌ವೂಲ್ 2 ಇಂಚು, ಸಾಧ್ಯವಾದರೆ 4 ಇಂಚು. ಮೇಲೆ ಬಟ್ಟೆ. ಬಟ್ಟೆಗೆ ಬಾಯಿಟ್ಟು ಊದಿ ನೋಡಿ, ಉಸಿರು ಆಚೆ ಬರಬೇಕು. ಬರದಿದ್ದರೆ ಆ ಬಟ್ಟೆ ಬೇಡ. ಗೋಡೆಯಿಂದ 2 ಇಂಚು ಬಿಟ್ಟು ನೇತುಹಾಕಿ. ಕತ್ತರಿಸುವಾಗ ಕೈಗವಸು, ಮಾಸ್ಕ್ ಬೇಕೇ ಬೇಕು. ಅದರ ಎಳೆ ಮೈಗೆ ಚುಚ್ಚುತ್ತದೆ, ಎದೆಯೊಳಗೆ ಹೋಗಬಾರದು.

ಸಬ್‌ವೂಫರ್ ಎಲ್ಲಿಡಬೇಕು ಅಂತಲೂ ಕೇಳಿದ್ದೀರಿ. ಅದನ್ನು ಎತ್ತಿ ನೀವು ಕೂರುವ ಸೋಫಾದ ಮೇಲೇ ಇಡಿ. ಡೋಲು ಇರುವ ಒಂದು ಹಾಡು ಹಾಕಿ. ನೀವು ನೆಲದ ಮೇಲೆ ಅಂಬೆಗಾಲಿಟ್ಟು ಗೋಡೆ ಪಕ್ಕದಲ್ಲೇ ಹೋಗಿ. ಒಂದು ಕಡೆ ಗುಂಯ್, ಒಂದು ಕಡೆ ಸದ್ದೇ ಇಲ್ಲ, ಇನ್ನೊಂದು ಕಡೆ ಪ್ರತಿ ಪೆಟ್ಟೂ ಬಿಡಿಯಾಗಿ ಕೇಳುತ್ತದೆ. ಆ ಮೂರನೆಯ ಜಾಗದಲ್ಲಿ ಸಬ್‌ವೂಫರ್ ಇಡಿ. ರಿಸೀವರಿನಲ್ಲಿ ಕ್ರಾಸ್‌ಓವರ್ 80 ಹರ್ಟ್ಸ್ ಇರಲಿ, ಅದಕ್ಕಿಂತ ಕೆಳಗಿನ ಸ್ವರಗಳು ಸಬ್‌ವೂಫರಿಗೆ ಹೋಗುತ್ತವೆ. ರಿಸೀವರ್ ಜೊತೆ ಬಂದ ಪುಟ್ಟ ಮೈಕನ್ನು ಡಬ್ಬಿಯಲ್ಲೇ ಬಿಡಬೇಡಿ. ಕಿವಿಯ ಎತ್ತರಕ್ಕೆ ಇಟ್ಟು ಒಮ್ಮೆ ಅಳತೆ ಮಾಡಿಸಿ.

ನ್ಯೂಜೆರ್ಸಿಯಿಂದ: ನಮ್ಮ ಮನೆಗೆ ಬೇಸ್‌ಮೆಂಟ್ ಇದೆ, ಇನ್ನೂ ಫಿನಿಶ್ ಮಾಡಿಸಿಲ್ಲ. ಛಾವಣಿ ತಗ್ಗು. ಹಾಸನದಿಂದ ಅಪ್ಪ ಅಮ್ಮ ಮೇ ತಿಂಗಳಲ್ಲಿ ಬರುತ್ತಾರೆ. ಅಷ್ಟರೊಳಗೆ ಅಲ್ಲಿ ಥಿಯೇಟರ್ ಮಾಡಬೇಕು ಅಂತ ಆಸೆ. ಊರಿನ ಸಲಹೆ ಇಲ್ಲಿಗೂ ಹೊಂದುತ್ತದಾ?

ಬಹುಪಾಲು ಹೊಂದುತ್ತದೆ. ಕೆಲವು ನಿಮಗೆ ಸಲೀಸು. ಬೇಸ್‌ಮೆಂಟಿನಲ್ಲಿ ಬೆಳಕಿನ ಕಾಟ ಕಡಿಮೆ, ನೆಲಕ್ಕೆ ಕಾರ್ಪೆಟ್ ಬರುತ್ತದೆ. ಮರದ ಚೌಕಟ್ಟಿಗೆ ಡ್ರೈವಾಲ್ ಅನ್ನುವ ಜಿಪ್ಸಂ ಹಲಗೆ ಹೊಡೆದ ಗೋಡೆ ನಮ್ಮ ಇಟ್ಟಿಗೆ ಗೋಡೆಯಷ್ಟು ಬಿಗಿಯಲ್ಲ. ಅದು ಸ್ವಲ್ಪ ಬಗ್ಗಿ ಕಡಿಮೆ ಸ್ವರವನ್ನು ತಿನ್ನುತ್ತದೆ, ಗುಂಯ್ ಕಡಿಮೆ. ತೊಂದರೆ ಬೇರೆ ಕಡೆ ಇದೆ. ಮನೆ ಬೆಚ್ಚಗಿಡುವ ಫರ್ನೇಸ್, ವಾಟರ್ ಹೀಟರ್ ಪಕ್ಕದಲ್ಲೇ ಇರುತ್ತವೆ, ಸೀಟು ಅವುಗಳಿಂದ ದೂರ ಇರಲಿ. ಗಾಳಿ ಸಾಗಿಸುವ ಡಕ್ಟಿನ ಮೂಲಕ ಸದ್ದು ಮೇಲಿನ ಬೆಡ್‌ರೂಮಿಗೆ ಏರುತ್ತದೆ. ಗೋಡೆ ಮುಚ್ಚುವ ಮೊದಲು ಕಾಂಕ್ರೀಟಿನಲ್ಲಿ ತೇವ ಇದೆಯಾ ಅಂತ ಖಚಿತ ಮಾಡಿಕೊಳ್ಳಿ, ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಛಾವಣಿ ತಗ್ಗು ಅಂತ ಬರೆದಿದ್ದೀರಿ. ಹಿಂದಿನ ಸಾಲಿಗೆ ಕಟ್ಟೆ ಕಟ್ಟಿಸಿದರೆ ಎದ್ದು ನಿಂತವರ ತಲೆ ಪ್ರೊಜೆಕ್ಟರಿಗೆ ತಾಗುತ್ತದೆ. ಒಂದೇ ಸಾಲು ಮಾಡಿ.

ಅಪ್ಪ ಅಮ್ಮನಿಗೆ ನಡುವಿನ ಎರಡು ಸೀಟು ಕೊಡಿ, ಸದ್ದು ಸರಿಯಾಗಿ ಕೇಳುವುದು ಅಲ್ಲೇ. ತುಂಬಾ ತಗ್ಗಿನ, ಹಿಂದಕ್ಕೆ ಒರಗುವ ಸೋಫಾದಿಂದ ಎದ್ದೇಳಲು ಅವರಿಗೆ ಕಷ್ಟವಾಗುತ್ತದೆ. ಕೈಯೂರಲು ಗಟ್ಟಿ ಹಿಡಿ ಇರುವ ಕುರ್ಚಿ ತನ್ನಿ. ಬೇಸ್‌ಮೆಂಟಿನ ಮೆಟ್ಟಿಲಿಗೆ ಎರಡೂ ಕಡೆ ಕೈಹಿಡಿ ಇರಲಿ. ಸಿನಿಮಾದ ನಡುವೆ ಎದ್ದು ಹೋಗುವವರಿಗೆ ಕಾಣುವಂತೆ ಪ್ರತಿ ಮೆಟ್ಟಿಲಿಗೆ ಮಂದ ಬೆಳಕಿನ ಪಟ್ಟಿ ಬೇಕು. ಕಾರ್ಪೆಟ್ ಹಾಸುವ ಮೊದಲೇ ಅದರ ವೈರ್ ಎಳೆಸಿಬಿಡಿ.